ಸಾಹಿತ್ಯ ಸಮೀಕ್ಷೆ: ಕೇಳಿದ್ದು ಒಂದು, ಮಾಡಬೇಕಾದ್ದು ಇನ್ನೊಂದು

ಪಿಎಚ್.ಡಿ. ಮಹಾಪ್ರಬಂಧಗಳ ಎರಡನೇ ಅಧ್ಯಾಯ ಸಾಮಾನ್ಯವಾಗಿ ಸಾಹಿತ್ಯ ಸಮೀಕ್ಷೆಗೆ ಮೀಸಲು. ಬಹಳಷ್ಟು ಪ್ರಬಂಧಗಳಲ್ಲಿ ಅದರ ನಡಿಗೆ ಒಂದೇ. ಇಂಥವರು ಇಂಥ ವರ್ಷ ಇಂಥದ್ದನ್ನು ಅಧ್ಯಯನ ಮಾಡಿ ಹೀಗೆ ಹೇಳಿದ್ದಾರೆ, ಮುಂದಿನ ಪ್ಯಾರಾದಲ್ಲಿ ಮತ್ತೊಬ್ಬರು, ಅದರ ಮುಂದೆ ಮಗದೊಬ್ಬರು. ಪುಟಗಟ್ಟಲೆ ಹೀಗೆ ಸಾಗಿ ಕೊನೆಗೆ ‘ಈ ವಿಷಯದ ಬಗ್ಗೆ ಇದುವರೆಗೆ ಅಧ್ಯಯನ ನಡೆದಿಲ್ಲ’ ಎಂಬ ಸಾಲು. ಇದಕ್ಕೆ ವಿದ್ಯಾರ್ಥಿಗಳನ್ನು ಸೋಮಾರಿಗಳೆಂದು ದೂರುವುದು ಅನ್ಯಾಯ. ಸೀನಿಯರ್‌ಗಳ ಬಾಯಿಂದ ಬಾಯಿಗೆ ದಾಟಿಬಂದ ಕೆಲವು ನಂಬಿಕೆಗಳನ್ನೇ ಅವರು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ.

‘ಒಬ್ಬೊಬ್ಬರನ್ನೇ ಪರಿಚಯಿಸಿದರೆ ಸಮೀಕ್ಷೆ ಆಯಿತು’

ಆಗುವುದಿಲ್ಲ. ಅದು ಓದಿದ ಪುಸ್ತಕಗಳ ಪಟ್ಟಿ, ಅಷ್ಟೆ. ವಿದ್ವಾಂಸರು ಯಾವ ಪ್ರಶ್ನೆಯ ಸುತ್ತ ಒಪ್ಪಿದ್ದಾರೆ, ಎಲ್ಲಿ ಜಗಳವಾಡಿದ್ದಾರೆ, ಯಾಕೆ ಎಂದು ತೋರಿಸುವುದು ಸಮೀಕ್ಷೆ.

ಹಲ್ಮಿಡಿ ಶಾಸನವನ್ನು ನೋಡಿ. ಬೇಲೂರು ತಾಲೂಕಿನ ಈ ಕಲ್ಲನ್ನು 1936ರಲ್ಲಿ ವಿದ್ವತ್ ಲೋಕದ ಗಮನಕ್ಕೆ ತಂದವರು ಎಂ.ಎಚ್. ಕೃಷ್ಣ. ಕ್ರಿ.ಶ. 450 ಎಂದು ನಾವೆಲ್ಲ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಆದರೆ ಶಾಸನದಲ್ಲಿ ತೇದಿಯೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳು, ಇವನ್ನು ಹಿಡಿದು ಕಾಲ ಕಟ್ಟಿದ್ದು. ಶಾಸನದ ಕಾಕುಸ್ಥ ಕದಂಬರ ಕಾಕುಸ್ಥವರ್ಮನೇ ಹೌದೇ ಎಂಬಲ್ಲೂ ಭಿನ್ನಾಭಿಪ್ರಾಯವಿದೆ. ಈಚೆಗೆ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ನಡೆದ ಉತ್ಖನನದಲ್ಲಿ ಸಿಂಹ ಕಟಾಂಜನದ ಶಾಸನ ಸಿಕ್ಕಿ, ಅದು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯದು ಎಂಬ ವಾದವೂ ಬಂದಿದೆ.

ಹಲ್ಮಿಡಿಯ ಕಾಲದ ಮೇಲೆ ಸಮೀಕ್ಷೆ ಬರೆಯುವವರು ಒಂದು ದೊಡ್ಡ ಹಾಳೆ ಅಥವಾ ಎಕ್ಸೆಲ್ ಶೀಟ್ ತೆಗೆದುಕೊಂಡು ಪ್ರತಿ ಲೇಖನಕ್ಕೂ ಒಂದು ಅಡ್ಡಸಾಲು ಕೊಡಲಿ. ಕಾಲಂಗಳಲ್ಲಿ ಲೇಖಕರು, ವರ್ಷ, ಯಾವ ಆಧಾರ, ಯಾವ ಕಾಲ, ಯಾರಿಗೆ ಉತ್ತರವಾಗಿ ಬರೆದದ್ದು, ಒಪ್ಪಲು ನನಗಿರುವ ತೊಡಕೇನು ಎಂದು ತುಂಬಿಸಲಿ. ಬರೆಯಲು ಕೂತಾಗ ಹಾಳೆಯನ್ನು ಅಡ್ಡಡ್ಡ ಓದಬಾರದು, ಮೇಲಿಂದ ಕೆಳಕ್ಕೆ ಓದಬೇಕು. ‘ಆಧಾರ’ ಎಂಬ ಕಾಲಮನ್ನು ಕೆಳಗಿನವರೆಗೆ ಓದಿದರೆ ಲಿಪಿಯನ್ನು ನೆಚ್ಚಿದವರು ಒಂದು ಕಡೆ, ಅರಸರ ಹೆಸರನ್ನು ನೆಚ್ಚಿದವರು ಇನ್ನೊಂದು ಕಡೆ ತಾವಾಗಿಯೇ ಬೇರೆಯಾಗುತ್ತಾರೆ. ನಿಮ್ಮ ಪ್ಯಾರಾಗಳು ಅಲ್ಲಿ ಹುಟ್ಟುತ್ತವೆ. ಕೊನೆಯ ಕಾಲಮನ್ನು ಮಾತ್ರ ಯಾರೂ ಬಿಡಬೇಡಿ, ಸಮೀಕ್ಷೆಯಲ್ಲಿ ನಿಮ್ಮದೇ ದನಿ ಕೇಳಿಸುವುದು ಅದರಿಂದ.

‘ಇಷ್ಟೊಂದು ಜನ ಹೇಳಿದ್ದಾರೆ, ಅಂದ ಮೇಲೆ ನಿಜ’

ಪಾಲಕ್ ಸೊಪ್ಪಿನ ಕಥೆ ಬಹಳ ಜನರಿಗೆ ಗೊತ್ತು. 19ನೇ ಶತಮಾನದ ಜರ್ಮನ್ ವಿಜ್ಞಾನಿಯೊಬ್ಬ ದಶಮಾಂಶ ಬಿಂದುವನ್ನು ತಪ್ಪಾಗಿ ಇಟ್ಟನಂತೆ, ಅದರಿಂದ ಪಾಲಕ್‌ನಲ್ಲಿ ಇರುವುದಕ್ಕಿಂತ ಹತ್ತು ಪಟ್ಟು ಕಬ್ಬಿಣವಿದೆ ಎಂದು ಜಗತ್ತು ನಂಬಿತಂತೆ. ಎಚ್ಚರದಿಂದ ಓದಬೇಕು ಎಂದು ಕಲಿಸುವವರೇ ಈ ಕಥೆಯನ್ನು ಹೆಚ್ಚಾಗಿ ಹೇಳುತ್ತಾರೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟೆರೆನ್ಸ್ ಹ್ಯಾಂಬ್ಲಿನ್ ಇದನ್ನು ಬರೆದರು, ಆಕರ ಕೊಡಲಿಲ್ಲ. ಮುಂದಿನವರು ಅವರನ್ನು ಉಲ್ಲೇಖಿಸಿದರು, ಅವರ ಮುಂದಿನವರು ಇವರನ್ನು. 2010ರಲ್ಲಿ ಮೈಕ್ ಸಟನ್ ಮೂಲ ಹುಡುಕಿಕೊಂಡು ಹೊರಟರೆ ಆ ಬಿಂದುವಿನ ತಪ್ಪಿಗೆ ಯಾವ ಪುರಾವೆಯೂ ಸಿಗಲಿಲ್ಲ. 2014ರಲ್ಲಿ ನಾರ್ವೆಯ ಓಲೆ ಬ್ಯೋರ್ನ್ ರೆಕ್‌ದಾಲ್ ಇಂಥ ಉಲ್ಲೇಖಗಳ ಸರಪಳಿಯ ಮೇಲೆಯೇ ಒಂದು ಲೇಖನ ಬರೆದರು. ನೂರು ಲೇಖನಗಳು ಒಂದೇ ಲೇಖನವನ್ನು ನಂಬಿ ಬರೆದಿದ್ದರೆ ಅಲ್ಲಿರುವ ಸಾಕ್ಷಿ ಒಂದೇ.

ಆದ್ದರಿಂದ ಇನ್ನೊಬ್ಬರ ಅಡಿಟಿಪ್ಪಣಿಯಿಂದ ಎತ್ತಿ ನೀವೇ ಮೂಲ ಓದಿದಂತೆ ಹಾಕಬೇಡಿ. ಹಲ್ಮಿಡಿಯ ಬಗ್ಗೆ ಬರೆಯುವವರು ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯನ್ನು ಒಮ್ಮೆಯಾದರೂ ತೆರೆದು ಶಾಸನದ ಪಾಠವನ್ನು ಕಣ್ಣಾರೆ ನೋಡಬೇಕು. ಎಷ್ಟು ಹುಡುಕಿದರೂ ಮೂಲ ಸಿಗದಿದ್ದರೆ ‘ಇಂಥವರ ಕೃತಿಯಲ್ಲಿ ಉಲ್ಲೇಖಿತ’ ಎಂದು ಬರೆಯಿರಿ. ಅದರಲ್ಲಿ ಅವಮಾನವೇನಿಲ್ಲ.

‘ಗೂಗಲ್‌ನಲ್ಲಿ ಸಿಗಲಿಲ್ಲ, ಆದ್ದರಿಂದ ಅಧ್ಯಯನವೇ ಆಗಿಲ್ಲ’

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರಷ್ಟು ಅಪಾಯಕಾರಿ ನಂಬಿಕೆ ಇನ್ನೊಂದಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳು ಯೂನಿಕೋಡ್ ಹುಡುಕಾಟಕ್ಕೆ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ‘ಪ್ರಬುದ್ಧ ಕರ್ಣಾಟಕ’, ‘ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ’ಯ ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ಕೂತು ವಿಷಯಸೂಚಿ ತಿರುವಿಯೇ ನೋಡಬೇಕು. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ‘ಶೋಧಗಂಗಾ’ದಲ್ಲಿ ಕನ್ನಡ ಪ್ರಬಂಧದ ಹೆಸರನ್ನು ಕೆಲವೊಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿರುತ್ತಾರೆ, ಎರಡೂ ಲಿಪಿಯಲ್ಲಿ, ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಿ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಗ್ರಂಥಋಣದಿಂದ ಹಿಂದಕ್ಕೆ ಹೋಗಿ, ಗೂಗಲ್ ಸ್ಕಾಲರ್‌ನ ‘ಸೈಟೆಡ್ ಬೈ’ ಒತ್ತಿ ಮುಂದಕ್ಕೆ ಹೋಗಿ. ಆ ಮೇಲೂ ಏನೂ ಸಿಗದಿದ್ದರೆ, ಎಲ್ಲಿ, ಯಾವ ಪದಗಳಿಂದ, ಯಾವ ತಿಂಗಳವರೆಗೆ ಹುಡುಕಿದಿರಿ ಎಂದು ಬರೆಯಿರಿ. ‘ಅಧ್ಯಯನ ನಡೆದಿಲ್ಲ’ ಎಂಬ ಘೋಷಣೆಗಿಂತ ಆ ಮಾತಿಗೆ ವೈವಾದಲ್ಲಿ ಹೆಚ್ಚು ಬೆಲೆ.

‘ಜರ್ನಲ್ ದುಡ್ಡು ಕೇಳುತ್ತದೆ, ಸಾರಾಂಶ ಓದಿದರೆ ಸಾಕು’

ಸಾರಾಂಶದಲ್ಲಿ ತೀರ್ಮಾನ ಇರುತ್ತದೆ, ಅದು ಯಾವ ಊರಿನ ಎಷ್ಟು ಜನರಿಂದ ಬಂತು ಎಂಬುದು ಬಹಳ ಸಲ ಇರುವುದಿಲ್ಲ. ಅದಕ್ಕೆ ಪೂರ್ಣ ಲೇಖನವನ್ನೇ ಓದಬೇಕು. 2025ರ ಜನವರಿಯಿಂದ ಜಾರಿಯಲ್ಲಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ನಿಮ್ಮ ಕಾಲೇಜಿನ ಲೈಬ್ರರಿಯನ್‌ರನ್ನು ಮೊದಲು ಕೇಳಿ.

‘ಹೋಲಿಕೆ ಶೇ. 10ರೊಳಗೆ ಬಂದರೆ ಕೃತಿಚೌರ್ಯವಿಲ್ಲ’

ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ನಿಜ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಆದರೆ ಅದೇ ನಿಯಮ ಕೃತಿಚೌರ್ಯ ಎಂದು ಕರೆಯುವುದು ಇನ್ನೊಬ್ಬರ ಕೆಲಸವನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸುವುದನ್ನು. ಸಾಫ್ಟ್‌ವೇರ್ ಮುಖ್ಯವಾಗಿ ಹೋಲಿಸುವುದು ಪದಗಳನ್ನು. ಇಂಗ್ಲಿಷ್ ಲೇಖನದ ಮೂರು ಪ್ಯಾರಾ ಕನ್ನಡಿಸಿ ಹೆಸರು ಹೇಳದೆ ಸೇರಿಸಿದರೆ ವರದಿಯಲ್ಲಿ ಸೊನ್ನೆ ಬರಬಹುದು, ಕಳ್ಳತನ ಕಳ್ಳತನವೇ. ಎಐ ಬರೆದುಕೊಟ್ಟ ಗ್ರಂಥಋಣದ ಅಪಾಯ ಬೇರೆ ಬಗೆಯದು. ಅದರಲ್ಲಿ ಇಲ್ಲದ ಪುಸ್ತಕ, ಬರೆಯದ ಲೇಖನಗಳೂ ಸಲೀಸಾಗಿ ಸೇರಿಕೊಳ್ಳುತ್ತವೆ. ಕೈಗೆ ಸಿಕ್ಕಿ ತೆರೆದು ನೋಡದ ಒಂದು ಹೆಸರನ್ನೂ ಪಟ್ಟಿಗೆ ಸೇರಿಸಬೇಡಿ.

‘ಸಮೀಕ್ಷೆ ಮೊದಲ ವರ್ಷದ ಕೆಲಸ’

ಶುರುವಾಗುವುದು ಮೊದಲ ವರ್ಷ, ಮುಗಿಯುವುದು ಪ್ರಬಂಧ ಸಲ್ಲಿಸುವ ವಾರ. ಅಷ್ಟರಲ್ಲಿ ಹೊಸ ಶಾಸನ ಸಿಕ್ಕಿರಬಹುದು, ಹಳೆಯ ಲೇಖನವನ್ನು ಜರ್ನಲ್ ಹಿಂಪಡೆದಿರಬಹುದು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರೂ ವೇಕ್‌ಫೀಲ್ಡ್‌ರ 1998ರ ಲೇಖನವನ್ನು ‘ಲ್ಯಾನ್ಸೆಟ್’ ಹಿಂಪಡೆದದ್ದು 12 ವರ್ಷದ ನಂತರ, 2010ರಲ್ಲಿ. ಸಲ್ಲಿಸುವ ಮುನ್ನ ಮೊದಲು ಬಳಸಿದ ಅದೇ ಪದಗಳಿಂದ ಇನ್ನೊಮ್ಮೆ ಹುಡುಕಿ, ಹೊಸದಾಗಿ ಸಿಕ್ಕಿದ್ದನ್ನು ಅದೇ ಹಾಳೆಗೆ ಸೇರಿಸಿ.