ಮರದ ನೋಟ, ಕಲ್ಲಿನ ತಂಪು

ಹೊಸ ಮನೆಯ ನೆಲಕ್ಕೆ ಅಸಲಿ ಸಾಗವಾನಿ ಹಲಗೆಯೋ, ಮರದ ಗೆರೆ ಅಚ್ಚಾದ ಪೋರ್ಸಲೇನ್ ಟೈಲ್ಸೋ? ಅಂಗಡಿಯಲ್ಲಿ ನಿಂತಾಗ ಇದು ಅಂದ ಮತ್ತು ದುಡ್ಡಿನ ಪ್ರಶ್ನೆ. ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಅದಕ್ಕಿಂತ ಮೊದಲು ಇದು ಹವೆಯ ಪ್ರಶ್ನೆ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗಾಳಿ ಒಣಗಿ ಗರಿಗರಿಯಾಗುತ್ತದೆ. ಮಳೆಗಾಲ ಹಿಡಿದರೆ ಅದೇ ಗಾಳಿ ತೇವದಿಂದ ಭಾರವಾಗುತ್ತದೆ. ಕಡಿದು ಒಣಗಿಸಿದ ಮೇಲೂ ಮರ ಈ ಏರಿಳಿತಕ್ಕೆ ಕುಗ್ಗುತ್ತ ಹಿಗ್ಗುತ್ತ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 35ರಲ್ಲಿ ನಿಂತಾಗ ಮರದೊಳಗಿನ ನೀರು ಅದರ ಒಣತೂಕದ ಸುಮಾರು ಶೇ 6ರಿಂದ 7. ಆರ್ದ್ರತೆ ಶೇ 75–80ಕ್ಕೆ ಏರಿದರೆ ಶೇ 14–15. ಸಾಗವಾನಿ ಸ್ಥಿರ ಮರವೆಂದೇ ಹೆಸರಾದದ್ದು. ಆದರೂ ಈ ವ್ಯತ್ಯಾಸ ಪೂರ್ತಿ ಒಳಗಿಳಿದರೆ 100 ಮಿಲಿಮೀಟರ್ ಅಗಲದ ಹಲಗೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಇಂಥ ನಲವತ್ತು ಹಲಗೆ ಕೂಡಿಸಿದ ಕೋಣೆಯಲ್ಲಿ ಆ ಲೆಕ್ಕ 6 ಸೆಂಟಿಮೀಟರಿಗೆ ಮುಟ್ಟುತ್ತದೆ. ಪಾಲಿಶ್ ಈ ಓಡಾಟವನ್ನು ನಿಧಾನ ಮಾಡೀತು, ನಿಲ್ಲಿಸದು. ಹೀಗಾಗಿ ಬೇಸಿಗೆಗೆ ಸಂದು ಬಾಯಿ ಬಿಡುತ್ತದೆ, ಮಳೆಗಾಲಕ್ಕೆ ಹಲಗೆಯ ಅಂಚು ಉಬ್ಬುತ್ತದೆ.

ಹಾಗಾದರೆ ಹಳೆಯ ಮಾಳಿಗೆ ಮನೆಗಳ ತೊಲೆ, ಜಂತಿಗಳು ತಲೆಮಾರುಗಟ್ಟಲೆ ಬಾಳಿದ್ದು ಹೇಗೆ ಎಂದು ಕೇಳಬಹುದು. ಉತ್ತರ ಮರದ ರಚನೆಯಲ್ಲೇ ಇದೆ. ಮರ ಹಿಗ್ಗುವುದು ಅಡ್ಡಡ್ಡಕ್ಕೆ; ನಾರಿನ ಉದ್ದಕ್ಕೆ ಅದರ ಚಲನೆ ಲೆಕ್ಕಕ್ಕಿಲ್ಲದಷ್ಟು. ತೊಲೆಯ ಎರಡೂ ಬದಿಗೆ ಹಿಗ್ಗಲು ಜಾಗವಿದೆ, ಮೇಲೆ ಯಾರೂ ನೀರು ಸುರಿಯುವುದಿಲ್ಲ. ನೆಲದ ಹಲಗೆಗೆ ಆ ಬಿಡುವಿಲ್ಲ. ಒಂದರ ಪಕ್ಕ ಒಂದು ಒತ್ತಿ ಕೂತ ಅದರ ಮೇಲೆ ದಿನವೂ ನೀರಿನ ಬಟ್ಟೆ ಓಡಾಡುತ್ತದೆ, ಕೆಳಗಿನಿಂದ ಗೆದ್ದಲಿನ ಭಯ ಬೇರೆ. ಏಸಿ ಹಾಕಿದರೆ ಸರಿಹೋದೀತೆಂಬ ಮಾತೂ ಇದೆ. ಅದಕ್ಕೆ ಮನೆಯ ಗಾಳಿ ವರ್ಷವಿಡೀ ಒಂದೇ ಹದದಲ್ಲಿರಬೇಕು. ರಾತ್ರಿ ಮಾತ್ರ ಓಡುವ ಏಸಿ ಏರಿಳಿತಕ್ಕೆ ಇನ್ನೊಂದನ್ನು ಸೇರಿಸುತ್ತದೆ, ಅಷ್ಟೆ.

ಪೋರ್ಸಲೇನ್ ಈ ಆಟಕ್ಕೇ ಸೇರುವುದಿಲ್ಲ. ಸುಮಾರು 1,200 ಡಿಗ್ರಿಯಲ್ಲಿ ಬೆಂದ ಆ ಮಣ್ಣು ತನ್ನ ತೂಕದ ಶೇ 0.5ಕ್ಕಿಂತ ಹೆಚ್ಚು ನೀರು ಹೀರದು. ಅದರ ಮೇಲಿನ ಮರ ಕೇವಲ ಬಣ್ಣದ ಅಚ್ಚು, ಅಂದರೆ ನೋಟ ಮರದ್ದು, ಗುಣ ಕಲ್ಲಿನದು. ಇಲ್ಲಿನ ಹವೆಗೆ ಬೇಕಾದದ್ದೂ ಅದೇ. ಚಳಿ ದೇಶದವರು ಮರದ ನೆಲ ಮೆಚ್ಚುವುದು ಅದು ಕಾಲಿನ ಶಾಖವನ್ನು ಎಳೆಯುವುದಿಲ್ಲವೆಂದು. ಒಂದೇ ಉಷ್ಣತೆಯಲ್ಲಿದ್ದರೂ ಪೋರ್ಸಲೇನ್ ಅಂಗಾಲಿನಿಂದ ಶಾಖ ಸೆಳೆದುಕೊಳ್ಳುವ ಶಕ್ತಿ ಮರದ ಮೂರು ಪಟ್ಟಿಗೂ ಹೆಚ್ಚು. ಬೇಸಿಗೆಯ ಮಧ್ಯಾಹ್ನ ಬರಿ ನೆಲಕ್ಕೆ ಬೆನ್ನು ಚಾಚುವ ನಾಡಿನಲ್ಲಿ ಚಳಿ ದೇಶದಲ್ಲಿ ಮರದ ಗುಣವಾದದ್ದೇ ದೋಷವಾಗುತ್ತದೆ. ಒಂದು ಮಾತು ನೆನಪಿರಲಿ: ನೆಲ ಚರ್ಮಕ್ಕಿಂತ ತಂಪಿದ್ದಾಗ ಮಾತ್ರ ಈ ಲಾಭ. ಬಿಸಿಲುಂಡ ಸ್ಲ್ಯಾಬಿನಿಂದ ಕಾದ ಮೇಲ್ಮಹಡಿಯಲ್ಲಿ ಟೈಲ್ಸ್ ಅಷ್ಟೇ ಚುರುಕಾಗಿ ಬಿಸಿಯನ್ನೂ ಕೊಡುತ್ತದೆ. ಅಲ್ಲಿ ಮೊದಲು ಛಾವಣಿಗೆ ನೆರಳು ಬೇಕು.

ಟೈಲ್ಸಿಗೂ ದೋಷಗಳಿವೆ. ಒದ್ದೆಯಾದರೆ ನುಣುಪು ಟೈಲ್ಸ್ ಜಾರುತ್ತದೆ, ಆದ್ದರಿಂದ ಒರಟು ಮೈಯದನ್ನೇ ಆರಿಸಬೇಕು. ಮರವನ್ನು ಉಜ್ಜಿ ಹೊಸದಾಗಿಸಬಹುದು, ಒಡೆದ ಟೈಲ್ಸನ್ನು ಬದಲಿಸಲೇಬೇಕು. ಒಂದು ಡಬ್ಬಿ ಹೆಚ್ಚಿಗೆ ತಂದಿಡುವುದು ಜಾಣತನ. ಟೈಲ್ಸಿನ ಅಡಿಯ ಮಣ್ಣನ್ನೂ ನೋಡಬೇಕು: ಎರೆಮಣ್ಣು ನೀರುಂಡು ಉಬ್ಬಿ, ಒಣಗಿ ಬಿರಿಯುತ್ತದೆ. ಅದನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡದಿದ್ದರೆ ಮೇಲೆ ಎಂಥ ಟೈಲ್ಸ್ ಹಾಸಿದರೂ ಬಿರುಕು ತಪ್ಪದು.

ಇನ್ನು ಮರದ ನೋಟದ ಹಂಬಲವನ್ನೇ ಬಿಡಬಲ್ಲವರಿಗೆ ಭೀಮೆಯ ಸೀಮೆಯ ಶಹಾಬಾದ್ ಫರಸಿ ಇದೆ. ಪದರು ಪದರಾಗಿ ಸೀಳುವ ಈ ಸುಣ್ಣಕಲ್ಲಿಗೆ ಕುಲುಮೆ ಬೇಡ, ದೂರದ ಸಾಗಣೆಯೂ ಬೇಡ. ಹುಣಸೆ, ನಿಂಬೆಯ ಹುಳಿ ಬಿದ್ದಲ್ಲಿ ಮಾತ್ರ ಕಲೆ ಕೂರುತ್ತದೆ, ಆದ್ದರಿಂದ ಅಡುಗೆಮನೆಗೆ ಪೋರ್ಸಲೇನೇ ಲೇಸು. ಸಾಗವಾನಿಗೆ ಇಟ್ಟ ದುಡ್ಡನ್ನು ತಲೆಬಾಗಿಲಿಗೆ ಹಾಕಿ. ಚೌಕಟ್ಟಿನಲ್ಲಿ ಹಿಗ್ಗಲು ಸಾಕಷ್ಟು ಸಂದು ಬಿಟ್ಟರೆ ಅಲ್ಲಿ ಅದು ಉಸಿರಾಡೀತು.