ನಿರೂಪಕನಿಲ್ಲದ ಹಡಗು

ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ 1851ರಲ್ಲಿ ಪ್ರಕಟವಾದ ಕಾದಂಬರಿ. ಅದರ ಹೊಸ್ತಿಲಲ್ಲಿಯೇ ಇಷ್ಮೇಲ್ ಎಂಬ ನಾವಿಕನು ಎದುರಾಗಿ, ತನ್ನ ಹೆಸರು ಹೇಳಿಕೊಂಡು, 135 ಅಧ್ಯಾಯಗಳ ಕಥನಕ್ಕೆ ತೊಡಗುತ್ತಾನೆ. ಕೃತಿಯ ಜೀವವಿರುವುದು ಕಥೆಯಲ್ಲಲ್ಲ, ಅದನ್ನು ಹೇಳುವ ಈ ಕಂಠದಲ್ಲಿ ಎಂದು ನಾನು ತರಗತಿಯಲ್ಲಿ ವರ್ಷಗಳಿಂದ ಸಾರುತ್ತ ಬಂದವನು. “ನಿರೂಪಕನನ್ನು ತೆಗೆದುಬಿಟ್ಟರೆ ಉಳಿಯುವುದೇನು?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದಕ್ಕೆ, “ಒಂದು ಮೀನಬೇಟೆ” ಎಂದಿದ್ದೆ. ತಿಮಿಂಗಿಲವು ಮೀನಲ್ಲವೆಂಬುದನ್ನು ಅವನು ಕೂಡಲೇ ನೆನಪಿಸಿದ.

ಜೇಕ್ ಹೆಗ್ಗಿ ಅವರು ಇದನ್ನು ಗೀತನಾಟಕವಾಗಿಸಿ ನಿರೂಪಕನನ್ನೇ ತೆಗೆದುಹಾಕಿದ್ದಾರೆ. ಸಾಹಿತ್ಯ ಜೀನ್ ಶೀರ್ ಅವರದು. 2010ರ ಏಪ್ರಿಲ್ 30ರಂದು ಡಲ್ಲಾಸ್ ನಗರದಲ್ಲಿ ಮೊದಲ ಪ್ರಯೋಗ. 2025ರ ಮಾರ್ಚಿಯಲ್ಲಿ ಅದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ರಂಗವನ್ನೂ ಏರಿತು. ನಾನು ನೋಡಿದ್ದು 2012ರ ಸ್ಯಾನ್ ಫ್ರಾನ್ಸಿಸ್ಕೋ ಪ್ರಯೋಗದ ಮುದ್ರಿಕೆಯನ್ನು. ದಡದ ಅಧ್ಯಾಯಗಳಿಲ್ಲ, ತಿಮಿಂಗಿಲಶಾಸ್ತ್ರವಿಲ್ಲ. ತೆರೆ ಸರಿದಾಗ ಹಡಗು ಆಗಲೇ ನಡುಗಡಲಿನಲ್ಲಿದೆ. ಇಷ್ಮೇಲನಿಗೆ ಇಲ್ಲಿ ಹೆಸರೂ ಇಲ್ಲ. ಅವನು ಬರಿಯ ‘ಗ್ರೀನ್‌ಹಾರ್ನ್’, ಎಂದರೆ ಕಸುಬಿಗೆ ಹೊಸಬ. ಮೂಲದ ಹಾಸ್ಯವೆಲ್ಲ ದಡದಲ್ಲಿಯೇ ಉಳಿದುಹೋಯಿತಲ್ಲ ಎಂದು ನಾನು ಮುನಿದುಕೊಂಡೇ ಕುಳಿತೆ.

ನನ್ನ ಮುನಿಸು ಸಡಿಲವಾದದ್ದು ಮೊದಲ ಅಂಕದ ಕೊನೆಯಲ್ಲಿ. ಕಪ್ತಾನ ಏಹಬ್ ನಿದ್ರಿಸುತ್ತಿದ್ದಾನೆ. ಹಿಂದೆ ತನ್ನೆಡೆಗೇ ಗುರಿ ಹಿಡಿದಿದ್ದ ಬಂದೂಕನ್ನು ಕೈಗೆತ್ತಿಕೊಂಡು ಸ್ಟಾರ್‌ಬಕ್ ನಿಂತಿದ್ದಾನೆ. ಒಂದು ಗುಂಡು ಹಾರಿದರೆ ಹಡಗಿನವರೆಲ್ಲ ಉಳಿಯುತ್ತಾರೆ; ಆದರೆ ಅದು ಕೊಲೆ. ಕಾದಂಬರಿಯಲ್ಲಿ ಈ ಪ್ರಸಂಗ ಬರುವುದು 123ನೆಯ ಅಧ್ಯಾಯದಲ್ಲಿ, ಕಥೆ ಮುಗಿಯಲು ಬಂದಾಗ. ಅಲ್ಲಿ ಎಲ್ಲವೂ ನಡೆದುಹೋದ ಮೇಲೆ ಬದುಕಿ ಬಂದವನೊಬ್ಬ ಹೇಳುತ್ತಿದ್ದಾನೆಂಬ ಅರಿವು ಓದುಗನಿಗೆ ಒಂದು ಬಗೆಯ ಆಸರೆ. ರಂಗದ ಮೇಲೆ ಆ ಆಸರೆಯಿಲ್ಲ; ಇನ್ನೂ ಏನೂ ನಡೆದಿಲ್ಲ. ಸ್ಟಾರ್‌ಬಕ್ ಬಂದೂಕನ್ನು ಮರಳಿ ಇಡುವವರೆಗೆ ನಾನು ಉಸಿರು ಬಿಗಿಹಿಡಿದಿದ್ದೆ, ಕಥೆಯನ್ನು ಹತ್ತಾರು ಸಲ ಓದಿದವನು!

ಅನಂತರ ಪುಸ್ತಕವನ್ನು ತೆರೆದು ನೋಡಿದೆ. ಆ ಕೋಣೆಯೊಳಗೆ ಇಷ್ಮೇಲ್ ಇರುವುದು ಸಾಧ್ಯವೇ ಇರಲಿಲ್ಲ. 40ನೆಯ ಅಧ್ಯಾಯವಂತೂ ಪಾತ್ರಗಳ ಹೆಸರು, ರಂಗಸೂಚನೆಗಳೊಡನೆ ನಾಟಕವೇ ಆಗಿದೆ. ನಿರೂಪಕನನ್ನು ಬದಿಗೆ ಸರಿಸಿದವರಲ್ಲಿ ಮೆಲ್ವಿಲನೇ ಮೊದಲಿಗ! ಪಾಠ ಹೇಳುವ ಭರದಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗೀತನಾಟಕದ ಕೊನೆಯಲ್ಲಿ, ಗೆಳೆಯ ಕ್ವೀಕ್ವೆಗ್‌ನಿಗಾಗಿ ಮಾಡಿದ ಶವಪೆಟ್ಟಿಗೆಯನ್ನು ಅಪ್ಪಿಕೊಂಡು ತೇಲುವ ಹೊಸಬನನ್ನು ಮತ್ತೊಂದು ಹಡಗಿನ ಕಪ್ತಾನ ಕಂಡು ಹೆಸರು ಕೇಳುತ್ತಾನೆ. ಆಗ ಮಾತ್ರ ಅವನು ಹೆಸರು ಹೇಳುತ್ತಾನೆ. ಸಂಗೀತ ನಿಲ್ಲುವುದು ಕಾದಂಬರಿ ತೊಡಗಿದಲ್ಲಿಗೆ ಬಂದು.

ಮರುದಿನ ಆ ವಿದ್ಯಾರ್ಥಿಯನ್ನು ಕರೆದು ನನ್ನ ಉತ್ತರವನ್ನು ಹಿಂತೆಗೆದುಕೊಂಡೆ. ತಿಮಿಂಗಿಲಶಾಸ್ತ್ರದ ಅಧ್ಯಾಯವನ್ನು ಮಾತ್ರ ಬಿಡದೆ ಓದಿಕೊಂಡು ಬರಹೇಳಿದೆ.