ಲಕ್ಯಾ ನೀರು: ನೋಡ್ರಿ, ಇಳೀಬ್ಯಾಡ್ರಿ!

ಹೊರನಾಡು, ಕಳಸಕ್ಕೆ ಹೋಗುವ ಮೋರಟಗಿ ಭಾಗದ ಯಾತ್ರಿಕರು ಹಾಗೇ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹಾದಿ ಹಿಡಿಯುವುದುಂಟು. ಅಲ್ಲಿನ ಗುಡ್ಡಗಳ ನಡುವಿನ ಲಕ್ಯಾ ಜಲಾಶಯ ಕಣ್ಣಿಗೇನೋ ತಂಪು. ಬಯಲುಸೀಮೆ ಮಂದಿಗೆ ನೀರು ಕಂಡ್ರ ಇಳಿಯೋ ಆಸೆ! ಆದರೆ ಇದು ಈಜುವ ಕೆರೆಯಲ್ಲ. ಕಬ್ಬಿಣದ ಅದಿರು ತೊಳೆದ ಕೆಸರು ತಡೆಯಲು ಕಟ್ಟಿದ್ದು. 2005ರ ಕೊನೆಗೆ ಗಣಿ ನಿಂತರೂ ಕೆಸರು ಒಳಗೇ ಇದೆ. ಕಾಲಿಟ್ಟರೆ ಹೂತೀತು, ಜೋಕೆ!

ಹೋಗುವವರು ಗಮನಿಸಬೇಕಾದದ್ದಿಷ್ಟು: ಅಣೆಕಟ್ಟಿನ ಹತ್ತಿರ ಬಿಡುತ್ತಾರೋ ಇಲ್ಲವೋ, ಮೊದಲೇ ಕೇಳಿಕೊಳ್ಳಿ. ಗುಡ್ಡ ಹತ್ತಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವಂತಿಲ್ಲ. ರೊಟ್ಟಿ-ಚಟ್ನಿ ಕಳಸದಲ್ಲೇ ಮುಗಿಸಿರಿ. ಪ್ಲಾಸ್ಟಿಕ್ ಚೀಲ ಎಸೆಯಬೇಡಿ. ಮಳೆಗಾಲದಲ್ಲಿ ಜಿಗಣೆ ಕಾಟ. ಚಿಟಿಕೆ ಉಪ್ಪು ಜೊತೆಗಿರಲಿ.

ದೇವರಿಗೆ ಹೋದವರು ನೆಟ್ಟಗೆ ಊರು ಸೇರಬೇಕಲ್ಲ!